ಇಡೀ ರಾತ್ರಿಯ ಆಟಕ್ಕೆ ಒಂದೇ ಫೈಲು

ನಮ್ಮೂರ ಗದ್ದೆಯಲ್ಲಿ ರಾತ್ರಿ 9.30ಕ್ಕೆ ಶುರುವಾದ ಯಕ್ಷಗಾನ ಬೆಳಗ್ಗೆ 6ಕ್ಕೆ ಮುಗಿಯಿತು. ಗೆಳೆಯನೊಬ್ಬ ಪೂರ್ತಿ ರೆಕಾರ್ಡ್ ಮಾಡಿದ. ಮನೆಗೆ ಹೋಗಿ ತುಂಡುಗಳನ್ನು ಜೋಡಿಸಿ, ಸೇವ್ ಮಾಡಿ, ಕಾರ್ಡು ಖಾಲಿ ಮಾಡಿದ. ಆಮೇಲೆ ಪ್ಲೇಯರಿಗೆ ಹಾಕಿದರೆ ಎಂಟೂವರೆ ಗಂಟೆಯ ಆಟ ಬರೀ 13 ನಿಮಿಷ!

ಹಂತ 1: ಒಳ್ಳೆಯ ಕಂಪನಿಯ 64 ಜಿಬಿ ಕಾರ್ಡು ತನ್ನಿ. ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ. ಕಾಲು ಬೆಲೆಗೆ ಸಿಗುವ 512 ಜಿಬಿ ಕಾರ್ಡು ಮುಟ್ಟಲೇಬೇಡಿ, ನಡುರಾತ್ರಿ ಕೈಕೊಡುತ್ತದೆ.

ಹಂತ 2: ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ. 96 ಸುಮ್ನೆ ದಂಡ. ಚೆಂಡೆಯ ಪೆಟ್ಟು ಬಿದ್ದಾಗ ದನಿ ಒಡೆಯದಂತೆ ಲೆವೆಲ್ ತಗ್ಗಿಸಿಡಿ.

ಹಂತ 3: ರೆಕಾರ್ಡರ್ 2 ಅಥವಾ 4 ಜಿಬಿಗೊಮ್ಮೆ ಫೈಲು ತುಂಡರಿಸುತ್ತದೆ. ಎಲ್ಲವನ್ನೂ ಆಡಾಸಿಟಿ ಎಂಬ ದನಿ ಎಡಿಟ್ ಮಾಡುವ ಸಾಫ್ಟ್‌ವೇರಿಗೆ ತಂದು ಒಂದರ ಬಾಲಕ್ಕೆ ಇನ್ನೊಂದನ್ನು ಕೂಡಿಸಿ. ಮೊದಲೇ ಎಂಪಿ3 ಮಾಡಿಕೊಂಡು ಜೋಡಿಸುವ ಅಡ್ಡದಾರಿ ಬೇಡ. ಎಂಪಿ3 ಪ್ರತಿ ತುಂಡಿಗೂ ಚೂರು ಮೌನ ಸೇರಿಸುತ್ತದೆ, ಬೆಸುಗೆಯಲ್ಲಿ ತಾಳ ತಪ್ಪುತ್ತದೆ.

ಹಂತ 4: ಎಲ್ಲರೂ ಎಡವುವುದು ಸೇವ್ ಮಾಡುವಾಗ. 1991ರಲ್ಲಿ ಬಂದ, ದನಿಯನ್ನು ಕುಗ್ಗಿಸದೆ ಇಡುವ ವೇವ್ (WAV) ಫೈಲು ತನ್ನ ಗಾತ್ರ ಬರೆದುಕೊಳ್ಳಲು ಇಟ್ಟುಕೊಂಡಿರುವುದು ನಾಲ್ಕೇ ಬೈಟು ಜಾಗ. ಅದರಲ್ಲಿ ಹಿಡಿಸುವುದು 4 ಜಿಬಿವರೆಗಿನ ಲೆಕ್ಕ. ನಮ್ಮ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 2,88,000 ಬೈಟು, ಅಂದರೆ 4 ಗಂಟೆ 8 ನಿಮಿಷಕ್ಕೆ ತುಂಬಿತು. ಮುಂದೆ ಹಳೇ ಸ್ಕೂಟರಿನ ಮೀಟರಿನಂತೆ ಮತ್ತೆ ಸೊನ್ನೆಯಿಂದ ಎಣಿಕೆ. ಗೆಳೆಯನ ಮೀಟರು ಎರಡು ಸುತ್ತು ಹೊಡೆದು 13 ನಿಮಿಷದಲ್ಲಿ ನಿಂತಿತ್ತು.

ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗ ಬರೀ ವೇವ್ ಒತ್ತಬೇಡಿ. 'ಅದರ್ ಅನ್‌ಕಂಪ್ರೆಸ್ಡ್ ಫೈಲ್ಸ್' ಆರಿಸಿ, ಹೆಡರ್ ಇರುವಲ್ಲಿ ಆರ್‌ಎಫ್64 ಕೊಡಿ, ಎನ್‌ಕೋಡಿಂಗ್ 24 ಬಿಟ್ ಪಿಸಿಎಂ. ಆರ್‌ಎಫ್64 ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ರೂಪಿಸಿದ್ದು, ವೇವ್‌ನ ದೊಡ್ಡಣ್ಣ, ಗಾತ್ರಕ್ಕೆ ಎಂಟು ಬೈಟು ಇಟ್ಟುಕೊಂಡಿದೆ. ವರ್ಷಗಟ್ಟಲೆ ಇಡುವುದಾದರೆ ನಾನು ಫ್ಲಾಕ್ (FLAC) ಎಂಬ ಫೈಲು ಬಗೆ ಅನ್ನುತ್ತೇನೆ. ದನಿ ಒಂದಿಷ್ಟೂ ಕೆಡುವುದಿಲ್ಲ, ಜಾಗವೂ ಉಳಿಯುತ್ತದೆ.

ಸೇವ್ ಆದ ಫೈಲಿನ ಕೊನೆಗೆ ಹೋಗಿ ಮಂಗಳ ಪದ ಕೇಳಿಸುವವರೆಗೆ ಕಾರ್ಡು ಅಳಿಸಬೇಡಿ.

ಅಳಿಸಿಬಿಟ್ಟಿರಾ? ಫೈಲು ಇನ್ನೂ 8 ಜಿಬಿ ಮೀರಿ ತೋರಿಸುತ್ತಿದ್ದರೆ ದನಿ ಒಳಗೇ ಇದೆ, ಕೆಟ್ಟಿರುವುದು ಗಾತ್ರ ಬರೆದ ತಲೆಚೀಟಿ (ಹೆಡರ್) ಮಾತ್ರ. ಆಡಾಸಿಟಿಯ ಇಂಪೋರ್ಟ್‌ನಲ್ಲಿ 'ರಾ ಡೇಟಾ' ತೆಗೆದು 24 ಬಿಟ್, ಲಿಟಲ್ ಎಂಡಿಯನ್, ಸ್ಟೀರಿಯೋ, 48000 ಕೊಡಿ. ಸ್ಟಾರ್ಟ್ ಆಫ್‌ಸೆಟ್ 44. ಕೇಳುವ ಮೊದಲು ವಾಲ್ಯೂಮ್ ತಗ್ಗಿಸಿ, ಯಾಕೆಂದರೆ ಒಂದು ಬೈಟು ತಪ್ಪಿದರೂ ತಗಡಿನ ಮೇಲೆ ಜಡಿಮಳೆ ಸುರಿದ ಸದ್ದು. ಹಾಗಾದರೆ ಟ್ರ್ಯಾಕ್ ತೆಗೆದು 45, 46 ಅಂತ ಒಂದೊಂದೇ ಏರಿಸಿ ಮತ್ತೆ ತನ್ನಿ. ನಮಗೆ ಮೂರನೇ ಸಲ ಭಾಗವತರ ದನಿ ಸಿಕ್ಕಿತು.