ಮೋಟರ್‌ಹೋಮ್ ಕಿಟಕಿ ಪರದೆಯ ಅಂಚಿನಿಂದ ಬೆಳಕು ಬರುತ್ತಿದ್ದರೆ

ಮೋಟರ್‌ಹೋಮ್ ಅಂದರೆ ಒಳಗೇ ಉಳಿದುಕೊಳ್ಳಬಹುದಾದ, ಮನೆಯಂಥ ವಾಹನ. ಅದರ ಕಿಟಕಿ ಪರದೆ ಬದಲಾಯಿಸುವ ಮೊದಲು, ಪರದೆ ಬಂದು ತಾಗುವ ಚೌಕಟ್ಟಿನ ಅಂಚಿಗೆ ಕಪ್ಪು ಫೋಮ್ ಟೇಪ್ ಅಂಟಿಸಿ ನೋಡಿ. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗದಿರಲಿ ಅಂತ ಹಚ್ಚುತ್ತಾರಲ್ಲ, ಅದೇ ಟೇಪ್. ಬೆಳಕು ಜಾಸ್ತಿ ಬರುವುದು ಬಟ್ಟೆಯಿಂದಲ್ಲ, ಬಟ್ಟೆಗೂ ಚೌಕಟ್ಟಿಗೂ ನಡುವಿನ ಸಂದಿಯಿಂದ. ಅದೂ ಅಲ್ಲದೆ ಚೌಕಟ್ಟು ಬಿಳಿಯಾಗಿದ್ದರೆ ಬೆಳಕು ಅದಕ್ಕೆ ಬಡಿದು ಒಳಗೆ ಹರಡುತ್ತದೆ, ಕಪ್ಪು ಫೋಮ್ ಅದನ್ನು ಅಲ್ಲೇ ನುಂಗಿಬಿಡುತ್ತದೆ. ಹಾಗಾಗಿ ಬಿಳಿ ಟೇಪ್ ತರಬೇಡಿ, ನಿಜವಾಗಲೂ ವ್ಯತ್ಯಾಸ ಇದೆ. ಟೇಪಿನ ದಪ್ಪ ಸಂದಿಗಿಂತ ಸ್ವಲ್ಪ ಜಾಸ್ತಿ ಇರಲಿ, 3 ಮಿ.ಮೀ. ಸಂದಿಗೆ 5 ಮಿ.ಮೀ. ಸಾಕು, ಪರದೆ ಅದನ್ನು ಮೆಲ್ಲಗೆ ಒತ್ತಿದರೆ ಆಯಿತು. ಅಂಟಿಸುವ ಮುಂಚೆ ಸೋಪು ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಕಿಟಕಿಯ ಸುತ್ತ ತೇವ ಕಟ್ಟುವ ಜಾಗ ಅಲ್ವಾ, ಒದ್ದೆ ಮೇಲೆ ಅಂಟು ನಿಲ್ಲುವುದಿಲ್ಲ. ಪರದೆ ಹಳಿಯೊಳಗೆ ಜಾರುವಂಥದ್ದಾದರೆ ಈ ಉಪಾಯ ನಡೆಯುವುದಿಲ್ಲ, ಫೋಮ್ ಹಳಿಗೆ ಸಿಕ್ಕಿಕೊಂಡು ಪರದೆಯೇ ಹರಿದೀತು. ಅಂಥ ಕಡೆ ಹಳಿಯ ಹೊರಗೆ, ಒಳಗೋಡೆಗೆ ವೆಲ್ಕ್ರೋ ಪಟ್ಟಿ ಹಾಕಿ, ಅಂಚು ಮುಚ್ಚುವಷ್ಟು ಅಗಲದ ದಪ್ಪ ಕಪ್ಪು ಬಟ್ಟೆ ಇಳಿಬಿಡಿ, ಬೆಳಿಗ್ಗೆ ಸುಮ್ನೆ ಕಿತ್ತು ಮಡಚಿಟ್ಟರಾಯಿತು. ಕಿಟಕಿ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಆದ ಆಕ್ರಿಲಿಕ್‌ನದ್ದಾಗಿದ್ದರೆ ಅದಕ್ಕೆ ನೇರವಾಗಿ ಏನೂ ಅಂಟಿಸಬೇಡಿ, ಹಳೇ ಅಂಟು ತೆಗೆಯಲು ಸ್ಪಿರಿಟ್ ಅಥವಾ ಥಿನ್ನರ್ ಕೂಡ ಬೇಡ, ಆಕ್ರಿಲಿಕ್ ಸಣ್ಣಗೆ ಬಿರುಕು ಬಿಡುತ್ತದೆ. ಗಾಳಿಯಾಡಲು ಬಿಟ್ಟ ಕಿಂಡಿಗಳಿಂದ ಬೆಳಕು ಬರುತ್ತಿದ್ದರೆ ಮಾತ್ರ ದಯವಿಟ್ಟು ಮುಚ್ಚಬೇಡಿ. ಒಳಗೆ ಗ್ಯಾಸ್ ಒಲೆ, ಹೀಟರ್ ಇರುತ್ತವೆ, ಆ ಗಾಳಿ ಬೇಕೇ ಬೇಕು.