ಎರಡು ಕಿವಿಯ ಬೆಳ್ಳಿ ಬಟ್ಟಲು ಮಾಡಿಸುವ ಮೊದಲು

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ 31 ವರ್ಷ ರೈಟರ್ ಆಗಿದ್ದವನು ನಾನು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವುದು, ಬಟವಾಡೆ ಮಾಡುವುದು ಗೊತ್ತು. ಬೆಳ್ಳಿ ಅಂದರೆ ಮನೆಯ ದೀಪ, ಲೋಟ ಅಷ್ಟೇ. ಅಕ್ಕನ ಮಗಳು ಎಡಿನ್‌ಬರಾದಲ್ಲಿ ಓದಿ, ಅಲ್ಲಿನ ಹುಡುಗನನ್ನೇ ಒಪ್ಪಿಕೊಂಡಳು. ಮದುವೆ ಚಿಕ್ಕಮಗಳೂರಿನಲ್ಲಿ ಅಂತ ಆಯ್ತು. ಒಂದು ರಾತ್ರಿ ಫೋನ್ ಮಾಡಿದವಳು, "ಮಾವ, ನಿಮ್ಮ ಕಡೆಯಿಂದ ಸರ ಗಿರ ಏನೂ ಬೇಡ. ಒಂದು ಕ್ವೇಖ್ ಮಾಡಿಸಿಕೊಡಿ" ಅಂದಳು. ನಾನು ಮೂರು ಸಲ ಕೇಳಿದೆ. ಕೊನೆಯ ಅಕ್ಷರ ಗಂಟಲಿಂದ ಬರಬೇಕಂತೆ.

ಅದು ಸ್ಕಾಟ್ಲೆಂಡಿನವರ ಹಳೆಯ ಕುಡಿಯುವ ಬಟ್ಟಲು. ಅಗಲ ಬಾಯಿ, ಕಡಿಮೆ ಆಳ, ಕೆಳಗೊಂದು ಸಣ್ಣ ಪೀಠ, ಎರಡು ಪಕ್ಕದಲ್ಲಿ ಚಪ್ಪಟೆ ಹಿಡಿ. ಆ ಹಿಡಿಗಳಿಗೆ ಅವರೂ 'ಕಿವಿ' ಅಂತಲೇ ಹೇಳುತ್ತಾರೆ. ಅವರ ಗೇಲಿಕ್ ಭಾಷೆಯಲ್ಲಿ ಬಟ್ಟಲಿಗೆ ಇರುವ ಮಾತಿನಿಂದಲೇ ಈ ಹೆಸರು ಬಂದಿದೆ. ಮೊದಲು ಇದನ್ನು ಮರದಲ್ಲಿ ಮಾಡುತ್ತಿದ್ದರು. ಒಂದೇ ಮರದಲ್ಲಿ ಕೆತ್ತುವುದೂ ಇತ್ತು, ಪೀಪಾಯಿ ಥರ ಬಿಳಿ ಪಟ್ಟಿ, ಕಪ್ಪು ಪಟ್ಟಿ ಜೋಡಿಸಿ ಬಿಗಿಯುವುದೂ ಇತ್ತು. ಆಮೇಲೆ ಕೊಂಬು, ತವರ, ಬೆಳ್ಳಿ ಬಂದವು. 1589ರಲ್ಲಿ ಅಲ್ಲಿನ ರಾಜ ಆರನೇ ಜೇಮ್ಸ್ ತನ್ನ ಹೆಂಡತಿ ಆನ್‌ಗೆ ಇಂಥದ್ದನ್ನು ಮದುವೆ ಉಡುಗೊರೆಯಾಗಿ ಕೊಟ್ಟ ಅಂತ ಹೇಳುತ್ತಾರೆ. ಈಗಲೂ ಮದುವೆ, ನಾಮಕರಣಕ್ಕೆ ಕೊಡುವ ರೂಢಿ ಇದೆ. ಎರಡು ಕೈಯಲ್ಲಿ ಕೊಡಬೇಕು, ಎರಡು ಕೈಯಲ್ಲಿ ಇಸ್ಕೊಳ್ಳಬೇಕು. ಎರಡೂ ಕೈ ಬಟ್ಟಲ ಮೇಲಿದ್ದರೆ ಯಾರೂ ಕತ್ತಿ ಹಿರಿಯುವ ಹಾಗಿಲ್ಲ ಅಲ್ವಾ, ಅದಕ್ಕೇ ಹೀಗೆ ಅನ್ನುವ ಕಥೆ ಇದೆ. ಕೆಲವು ಹಳೆಯ ಬಟ್ಟಲಿಗೆ ಗಾಜಿನ ತಳ. ಕುಡಿಯುವಾಗಲೂ ಎದುರಿನವನ ಮೇಲೆ ಕಣ್ಣಿಡುವುದಕ್ಕಂತೆ! ನಂಟಸ್ತನಕ್ಕೆ ಬಂದವರ ಮೇಲೂ ಇಷ್ಟು ಅನುಮಾನ.

ಅಲ್ಲಿಂದ ತರಿಸಬಹುದು, ಇಲ್ಲೇ ಮಾಡಿಸಬಹುದು. ತರಿಸುವುದಾದರೆ ತಳ ನೋಡಿ. ಬೆಳ್ಳಿ ಆದರೆ ತಯಾರಕರ ಗುರುತು, 925 ಅನ್ನುವ ಅಂಕಿ (ಸಾವಿರಕ್ಕೆ 925 ಪಾಲು ಬೆಳ್ಳಿ ಅಂತ), ಪರೀಕ್ಷೆ ಮಾಡಿದ ಕಚೇರಿಯ ಗುರುತು ಇರುತ್ತವೆ. ಎಡಿನ್‌ಬರಾದ್ದು ಮೂರು ಗೋಪುರದ ಕೋಟೆ. 'ಇಪಿಎನ್‌ಎಸ್' ಅಂತ ಇದ್ದರೆ ಅದು ಬರೀ ಬೆಳ್ಳಿ ಲೇಪ. ಪ್ಯೂಟರ್ ಅಂದರೆ ಹೆಚ್ಚಿನ ಪಾಲು ತವರ ಇರುವ ಮಿಶ್ರಲೋಹ. ಅದೂ ಚೆನ್ನಾಗಿರುತ್ತದೆ, ಬೆಳ್ಳಿ ಅಂದುಕೊಂಡು ದುಡ್ಡು ಕೊಡಬೇಡಿ ಅಷ್ಟೇ. ಅಳತೆ ಬಟ್ಟಲ ಬಾಯಿಯದೋ ಕಿವಿ ಸೇರಿಸಿಯೋ ಅಂತ ಕೇಳಿ. ಚಿತ್ರದಲ್ಲಿ ದೊಡ್ಡದಾಗಿ ಕಂಡಿದ್ದು ಕೈಗೆ ಬಂದಾಗ ಕುಂಕುಮದ ಬಟ್ಟಲಿನಷ್ಟಿರುತ್ತದೆ. ಕಸ್ಟಮ್ಸ್ ಸುಂಕ ಬೇರೆ.

ನಾವು ಇಲ್ಲೇ ಮಾಡಿಸಿದೆವು. ಮೊದಲ ಸಲ ಕೆಟ್ಟಿತು. ಅದನ್ನು ವಿವರವಾಗಿ ಹೇಳುತ್ತೇನೆ, ನೀವು ಅದೇ ತಪ್ಪು ಮಾಡುವುದು ಬೇಡ.

ಒಂದು ಅಂಗಡಿಗೆ ಹೋಗಿ ಫೋಟೋ ತೋರಿಸಿದೆ. "ಇದೇನು ಸಾರ್, ಆರತಿ ಬಟ್ಟಲಿಗೆ ಎರಡು ರೆಕ್ಕೆ" ಅಂದರು. ಹದಿನೈದು ದಿನಕ್ಕೆ ಕೊಟ್ಟರು. ಫಳಫಳ ಹೊಳೆಯುತ್ತಿತ್ತು. ಮನೆಗೆ ತಂದು ನೀರು ತುಂಬಿ, ಎರಡು ಕಿವಿ ಹಿಡಿದು ಎತ್ತಿದೆ. ಎಡಗಿವಿ ನನ್ನ ಕೈಯಲ್ಲೇ ಉಳಿಯಿತು. ಬಟ್ಟಲು ಉರುಳಿಕೊಂಡು ಸೋಫಾ ಕೆಳಗೆ ಹೋಯಿತು. ಮುರಿದ ಜಾಗ ನೋಡಿದರೆ ಕಿವಿಯ ಅಂಚು ಮಾತ್ರ, ಒಂದು ಗೆರೆಯಷ್ಟು, ಬಟ್ಟಲಿಗೆ ತಾಗಿತ್ತು. ಬೆಸುಗೆ ಹಿಡಿಯಲು ಜಾಗವೇ ಇರಲಿಲ್ಲ. ಬಟ್ಟಲ ತಗಡು ಕೂಡ ತೆಳು, ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತಿತ್ತು.

ಎರಡನೆಯದನ್ನು ಮಾಡಿದ್ದು ಮಾರ್ಕೆಟ್ ರಸ್ತೆ ಹತ್ತಿರದ ಹಳೆಯ ಅಕ್ಕಸಾಲಿ. ಅವರು ಫೋಟೋ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, "ಇದರಲ್ಲಿ ಕುಡೀತಾರಾ, ಶೋಕೇಸಿಗಾ?" ಕುಡೀತಾರೆ ಅಂದೆ. ಹಾಗಾದರೆ ಅಪ್ಪಟ ಬೆಳ್ಳಿ ಬೇಡ, ಮೆತ್ತಗಾಗುತ್ತದೆ, 925 ಮಾಡೋಣ ಅಂದರು. ಅಂದರೆ ನೂರಕ್ಕೆ ಏಳೂವರೆ ಪಾಲು ತಾಮ್ರ. ಕಿವಿಯ ಬುಡವನ್ನು ಬಟ್ಟಲ ಉಬ್ಬಿಗೆ ಸರಿಯಾಗಿ ಕೂರುವ ಹಾಗೆ ಅರದಿಂದ ಉಜ್ಜಿ, ಅಗಲವಾಗಿ ತಾಗಿಸಿ ಬೆಸೆದರು. ನಾಲ್ಕು ಇಂಚು ಬಾಯಿ, 165 ಗ್ರಾಂ. ಹಳೆಯ ಬೆಳ್ಳಿ ಕೊಡುವುದಾದರೆ ಕರಗಿಸುವ ಮುಂಚೆ ನಿಮ್ಮ ಎದುರಿಗೇ ತೂಗಿಸಿ. ಮಜೂರಿ ಎಷ್ಟು ಅಂತ ಮೊದಲೇ ಮಾತಾಡಿ, ಬಿಲ್ಲಿನಲ್ಲಿ ತೂಕ ಮತ್ತು 925 ಎರಡನ್ನೂ ಬರೆಸಿ. 'ಜರ್ಮನ್ ಸಿಲ್ವರ್' ಅಂತ ಯಾರಾದರೂ ಅಗ್ಗಕ್ಕೆ ತೋರಿಸಿದರೆ ಬಿಡಿ. ಅದರಲ್ಲಿ ತಾಮ್ರ, ನಿಕ್ಕಲ್, ಸತು ಇರುತ್ತದೆ, ಬೆಳ್ಳಿ ಇರುವುದಿಲ್ಲ. ಬಟ್ಟಲು ಕೈಗೆ ಬಂದ ಮೇಲೆ ಅಂಗಡಿಯಲ್ಲೇ ನೀರು ತುಂಬಿ, ಕಿವಿ ಹಿಡಿದು ನಾಲ್ಕು ಸಲ ಎತ್ತಿ ಇಳಿಸಿ. ನಾಚಿಕೆ ಬೇಡ.

ಅಕ್ಷರ ಕೊರೆಸುವುದು ಕಿವಿ ಮೇಲೆ. ಗಂಡ ಹೆಂಡಿರ ಹೆಸರಿನ ಮೊದಲ ಅಕ್ಷರ ಹಾಕಿಸುವ ರೂಢಿ ಅಲ್ಲಿ ಹಳೆಯದು. ನಮ್ಮದರಲ್ಲಿ ಒಂದು ಕಡೆ ಕನ್ನಡದ 'ಮ', ಇನ್ನೊಂದು ಕಡೆ ಇಂಗ್ಲಿಷಿನ 'ಡಿ'. ಕುಡಿಯುವವರು ಹಿಡಿದಾಗ ಅಕ್ಷರ ಅವರಿಗೆ ನೆಟ್ಟಗೆ ಕಾಣಬೇಕು. ಕಾಗದದಲ್ಲಿ ಬಟ್ಟಲು ಬರೆದು, ಬಾಣ ಹಾಕಿ ಕೊಡಿ. ಬಾಯಲ್ಲಿ ಹೇಳಿದರೆ ಒಂದು ತಲೆಕೆಳಗಾಗುತ್ತದೆ. ಇಸವಿ ಬೇಕಾದರೆ ಪೀಠದ ಅಡಿಗೆ ಹಾಕಿಸಿ.

ಇನ್ನು ಏನು ತುಂಬುವುದು? ಅವರಲ್ಲಿ ವಿಸ್ಕಿ. ನಮ್ಮ ಛತ್ರದಲ್ಲಿ ಅದು ನಡೆಯಲ್ಲ. ನನ್ನ ತಲೆಗೆ ಮೊದಲು ಬಂದಿದ್ದು ಕಾಫಿ, ನಮ್ಮ ತೋಟದ್ದೇ. ಎಲಿಯಟ್ ಅನ್ನುವ ಸ್ಕಾಟ್ಲೆಂಡಿನವರು 1850ರ ದಶಕದಲ್ಲೇ ಮಂಜರಾಬಾದಿಗೆ, ಅಂದರೆ ಈಗಿನ ಸಕಲೇಶಪುರದ ಕಡೆಗೆ, ಬಂದು ಕಾಫಿ ಬೆಳೆದಿದ್ದರು. ಬೀಗರಿಗೆ ಹೇಳಲು ಒಳ್ಳೆಯ ಮಾತಾಯಿತು ಅಂದುಕೊಂಡೆ. ಮನೆಯಲ್ಲಿ ಬಿಸಿ ಕಾಫಿ ಹಾಕಿ ನೋಡಿದೆ. ತುಟಿ ಸುಟ್ಟಿತು, ಕಿವಿಯೂ ಕಾದಿತ್ತು. ಬೆಳ್ಳಿಯಷ್ಟು ಬೇಗ ಶಾಖ ದಾಟಿಸುವ ಲೋಹ ಇನ್ನೊಂದಿಲ್ಲ. ಕೊನೆಗೆ ಕೇಸರಿ ಹಾಕಿದ ಹಾಲು, ಆರಿಸಿ, ಅರ್ಧ ಬಟ್ಟಲು. ತುಂಬಿಸಬೇಡಿ, ಆಳ ಕಡಿಮೆ, ಮಂಟಪದಲ್ಲಿ ಯಾರಾದರೂ ಮೊಣಕೈ ತಾಗಿಸಿಯೇ ತಾಗಿಸುತ್ತಾರೆ.

ನಿಜವಾದ ಕಷ್ಟ ಅದಲ್ಲ. ನಮ್ಮಮ್ಮನಿಗೆ 84. ವಿಷಯ ಕೇಳಿ, "ಒಬ್ಬರ ಎಂಜಲು ಇನ್ನೊಬ್ಬರಾ?" ಅಂದರು. ನಾವು ಎತ್ತಿ ಕುಡಿಯುವ ಜನ, ಅಲ್ವಾ? ಈ ಬಟ್ಟಲನ್ನು ಎತ್ತಿ ಸುರಿದುಕೊಳ್ಳಲು ಆಗುವುದಿಲ್ಲ. ಬಾಯಿ ಅಗಲ, ಹಾಲು ಸೀರೆ ಮೇಲೆ ಬೀಳುತ್ತದೆ. ನಾನು ಸಂಪ್ರದಾಯ ಗಿಂಪ್ರದಾಯ ವಿವರಿಸಲು ಹೋಗಲಿಲ್ಲ. "ಭೂಮದ ಊಟ ಇದ್ದ ಹಾಗೆ ಅಮ್ಮ, ಇದು ಭೂಮದ ಹಾಲು" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಹಂಗಾದ್ರೆ ಗಂಡು ಹೆಣ್ಣು ಇಬ್ಬರೇ. ಮಿಕ್ಕವರಿಗೆ ಲೋಟಕ್ಕೆ ಹಾಕಿ" ಅಂದರು. ಹಾಗೇ ಮಾಡಿದೆವು. ಧಾರೆ ಮುಗಿದ ಮೇಲೆ, ಊಟಕ್ಕೆ ಏಳುವ ಮುಂಚೆ ಇದಕ್ಕೆ ಸಮಯ ಇಡಿ. ಪುರೋಹಿತರಿಗೆ ಹಿಂದಿನ ದಿನವೇ ಹೇಳಿರಿ. ಹುಡುಗನಿಗೆ ನಾನು ಕಿವಿ ಎರಡೂ ಹಿಡಿದು ಕೊಟ್ಟೆ. ಅವನು ಇಸ್ಕೊಂಡು ತಲೆ ಬಗ್ಗಿಸಿದ. ಅವನ ತಾಯಿ ಎದ್ದು ನಿಂತರು.

ಕೊಟ್ಟ ಮೇಲೆ ನೋಡಿಕೊಳ್ಳುವುದನ್ನೂ ಹೇಳಿಕೊಡಿ. ಕುಡಿದ ತಕ್ಷಣ ತೊಳೆದು ಒರೆಸಬೇಕು. ಉಪ್ಪು, ಉಪ್ಪಿನಕಾಯಿ ಹತ್ತಿರ ಬೇಡ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಂದು ಸೀಮೆಸುಣ್ಣದ ತುಂಡು ಇಟ್ಟರೆ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲಕ್ಕೆ ಇದು ಬೇಕೇ ಬೇಕು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ. ನುಣ್ಣನೆಯ ವಿಭೂತಿ, ಮೆತ್ತನೆ ಬಟ್ಟೆ ಸಾಕು, ಅಕ್ಷರ ಇರುವ ಕಡೆ ಹಗುರವಾಗಿ.

ಮೊನ್ನೆ ಅವಳು ಫೋಟೋ ಕಳಿಸಿದ್ದಳು. 'ಮ' ಇರುವ ಕಿವಿಯ ಬುಡದಲ್ಲಿ ಸಣ್ಣಗೆ ಕಪ್ಪು ಹಿಡಿದಿದೆ. "ಮಾವ, ಇಲ್ಲಿ ಸಿಗೋ ಪಾಲಿಷ್ ನಂಬಿಕೆ ಇಲ್ಲ, ಎರಡು ವಿಭೂತಿ ಉಂಡೆ ಕಳಿಸಿ" ಅಂತ ಬರೆದಿದ್ದಾಳೆ.