ಅತ್ತೆಯವರ ಮಾತ್ರೆಯೂ ಡೈರಿಯ ಹೊತ್ತೂ

ಚಿಂತಾಮಣಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅತ್ತೆಯವರನ್ನು ಒಂಬತ್ತು ವರ್ಷ ನೋಡಿಕೊಂಡವಳು ನಾನು. ಈಗ ನನಗೇ 71 ನಡೆಯುತ್ತಿದ್ದು, ಮಾತ್ರೆಯ ಡಬ್ಬಿ ನನ್ನ ತಲೆದಿಂಬಿನ ಪಕ್ಕಕ್ಕೂ ಬಂದಿದೆ. ವಯಸ್ಸಾದವರು ಮಾತ್ರೆ ಬಿಟ್ಟರೆ ಮೊಂಡುತನವೆಂದು ಗದರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಬಿಟ್ಟದ್ದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಅದನ್ನು ಅವರು ಕೇಳದೆ ಹೇಳುವುದಿಲ್ಲ.

ಅತ್ತೆಯವರು ಕಬ್ಬಿಣಾಂಶದ ಮಾತ್ರೆಯನ್ನು ಹತ್ತು ದಿನ ನುಂಗಿ, ಆಮೇಲೆ ಸೆರಗಿನ ಗಂಟಿನಲ್ಲಿ ಕಟ್ಟಿಡತೊಡಗಿದ್ದರು. ಬಟ್ಟೆ ಒಗೆಯುವಾಗ ಆ ಗಂಟು ಸಿಕ್ಕಿತು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದಾಗ, ಮಲ ಕಪ್ಪಾದದ್ದನ್ನು ಕಂಡು ಹೊಟ್ಟೆಯೊಳಗೆ ಏನೋ ಕೆಟ್ಟಿದೆಯೆಂದು ಹೆದರಿದ್ದಾಗಿ ಹೇಳಿದರು. ಈ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜವೆಂದು ಮೊದಲ ದಿನವೇ ನಾನು ಹೇಳಬೇಕಿತ್ತು. ಆದರೆ ಅದು ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆಯಿಂದ ಕೂಡಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈ ಮಾತ್ರೆಯಿಂದ ಮಲಬದ್ಧತೆಯೂ ಆಗಬಹುದು. ಅದನ್ನು ವೈದ್ಯರಿಗೆ ತಿಳಿಸಿದರೆ ಅವರು ಮಾತ್ರೆಯನ್ನೋ ಪ್ರಮಾಣವನ್ನೋ ಬದಲಿಸಿಕೊಡುತ್ತಾರೆ.

ಎರಡನೆಯ ತೊಡಕು ಹೊತ್ತಿನದು. ಗಡಿಯಾರ ನೋಡಿ ನೆನಪಿಟ್ಟುಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ, ಆದರೆ ಸಂಜೆ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಮನೆಗೆ ಬರುವ ಹೊತ್ತನ್ನು ಜಗಲಿಯ ಮೇಲೆ ಕುಳಿತು ಒಂದು ದಿನವೂ ತಪ್ಪದೆ ಕಾಯುತ್ತಿದ್ದುದರಿಂದ, ಆ ಕ್ಯಾನಿನ ಸದ್ದಿಗೇ ಕಬ್ಬಿಣಾಂಶದ ಮಾತ್ರೆಯನ್ನು ಜೋಡಿಸಿದೆ. ಜೊತೆಗೆ ಅರ್ಧ ಲೋಟ ನಿಂಬೆಹಣ್ಣಿನ ನೀರು, ಏಕೆಂದರೆ ನಿಂಬೆಯ ಸಿ ಜೀವಸತ್ವವು ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಕಾಫಿ ಮತ್ತು ಹಾಲು ಅದನ್ನು ತಡೆಯುವುದರಿಂದ ಅವಕ್ಕೆ ಎರಡು ಗಂಟೆಯ ಅಂತರವಿರಲಿ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಊಟದ ಜೊತೆಗೆ ಹೆಚ್ಚು ಹತ್ತುವುದರಿಂದ ಅದನ್ನು ಮಧ್ಯಾಹ್ನದ ಮುದ್ದೆ, ಬಸ್ಸಾರಿನ ಪಕ್ಕಕ್ಕೇ ಇಡುತ್ತಿದ್ದೆ. ಶನಿವಾರದ ಒಪ್ಪತ್ತಿನಂದು ಆ ಒಂದೇ ಊಟದ ಜೊತೆಗೆ. ಥೈರಾಯ್ಡ್ ಮಾತ್ರೆ ನುಂಗುವವರಿದ್ದರೆ ಅದಕ್ಕೂ ಕ್ಯಾಲ್ಸಿಯಂ, ಕಬ್ಬಿಣಾಂಶಗಳಿಗೂ ನಾಲ್ಕು ಗಂಟೆಯ ಅಂತರ ಬೇಕೇ ಬೇಕು.

ವಾರಕ್ಕೊಂದೇ ನುಂಗಲೆಂದು ವೈದ್ಯರು ಬರೆದುಕೊಡುವ 60,000 ಯೂನಿಟ್ಟಿನ ಡಿ ಜೀವಸತ್ವದ ವಿಷಯದಲ್ಲಿ ಬಹಳ ಎಚ್ಚರವಿರಲಿ. ಅದನ್ನು ದಿನದ ಮಾತ್ರೆಯೆಂದು ತಿಳಿದು ದಿನವೂ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಅಪಾಯವಾಗಬಹುದು. ಶಿವನ ವಾರವಾದ ಸೋಮವಾರವನ್ನೇ ಗೊತ್ತುಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಡುತ್ತಿದ್ದೆವು. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್ ಆಗಿರುವುದರಿಂದ ಶುದ್ಧ ಸಸ್ಯಾಹಾರಿ ಹಿರಿಯರು ಬೇಡವೆಂದರೆ ಒತ್ತಾಯಿಸಬೇಡಿ. ಅದೇ ಡಿ ಜೀವಸತ್ವ ಹಾಲಿನಲ್ಲಿ ಬೆರೆಸಿ ಕುಡಿಯುವ ಪುಡಿಯಾಗಿಯೂ ಸಿಗುತ್ತದೆ.

ಪ್ರೋಟೀನ್ ಪುಡಿಯನ್ನು ದೊಡ್ಡ ಲೋಟದ ತುಂಬ ಕೊಟ್ಟರೆ ಹೊಟ್ಟೆ ತುಂಬಿ ಊಟವೇ ಬೇಡವಾಗುತ್ತದೆ. ಊಟಗಳ ನಡುವೆ ಕಾಫಿಲೋಟದಲ್ಲಿ ಸ್ವಲ್ಪಸ್ವಲ್ಪವಾಗಿ ಮೂರುನಾಲ್ಕು ಸಲ ಕೊಟ್ಟರೆ ಒಲ್ಲೆನೆನ್ನುವುದಿಲ್ಲ. ಉಗುರುಬೆಚ್ಚಗಾದ ರಾಗಿ ಗಂಜಿಗೆ ಬೆರೆಸಿದರೆ ಗಂಟಾಗುವುದಿಲ್ಲ, ಬಾಯಿಗೂ ಒಗ್ಗಿದ ರುಚಿ. ಸಕ್ಕರೆ ಕಾಯಿಲೆಯಿದ್ದರೆ ಪುಡಿಯಲ್ಲಿ ಸಕ್ಕರೆ ಎಷ್ಟಿದೆಯೆಂದು ಓದಿ ಕೊಳ್ಳಿ, ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳದೆ ತರಲೇಬೇಡಿ.

ಮಾತ್ರೆಯನ್ನು ಬೆನ್ನು ನೆಟ್ಟಗಿಟ್ಟು ಕುಳಿತೇ ನುಂಗಬೇಕು. ಕುಟ್ಟಿ ಪುಡಿಮಾಡಬಾರದ ಮಾತ್ರೆಗಳಿರುತ್ತವೆ, ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಮಾತ್ರೆಯನ್ನು ನಾನು ಕೊಡುತ್ತಿದ್ದಷ್ಟು ಕಾಲ ಅದು ನನ್ನ ಕೆಲಸವಾಗಿಯೇ ಉಳಿದಿತ್ತು. ಕಬ್ಬಿಣಾಂಶದ ಮಾತ್ರೆ ನುಂಗಿದ ಮೇಲೆ ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಿರೆಂದು ಅವರ ಕೈಗೇ ಒಪ್ಪಿಸಿದ ಮೇಲೆ ಲೆಕ್ಕ ಅವರದಾಯಿತು. ಭಾನುವಾರ ಏಳರ ಬದಲು ಆರು ಬೀಜ ಬಂದರೆ ತಪ್ಪಿದ ದಿನ ಯಾವುದೆಂದು ಅವರೇ ಹೇಳುತ್ತಿದ್ದರು. ತಪ್ಪಿದ್ದಕ್ಕೆ ಎರಡು ಮಾತ್ರೆ ಒಟ್ಟಿಗೆ ನುಂಗಲು ಮಾತ್ರ ನಾನು ಎಂದೂ ಬಿಡಲಿಲ್ಲ.